‘ಇದೇನ್ ಚಿತ್ರಾನಾ? ನಮ್ ತಮ್ಮನೂ ಗೀಚ್ತಾನ!’: ಮಾಡರ್ನ್ ಆರ್ಟ್ ಮುಂದೆ ನಿಂತಾಗ ಏನು ನೋಡಬೇಕು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

 

ಇವತ್ತು ಒಂದು ಬಾಳೆಹಣ್ಣಿನಿಂದ ಶುರು ಮಾಡೋಣ. 2024ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಸಾಥಬೀಸ್ ಹರಾಜಿನಲ್ಲಿ ಗೋಡೆಗೆ ಟೇಪ್ ಹಾಕಿ ಅಂಟಿಸಿದ್ದ ಒಂದು ಬಾಳೆಹಣ್ಣು 62 ಲಕ್ಷ ಡಾಲರ್‌ಗೆ ಮಾರಾಟ ಆಯ್ತು. ನಮ್ಮ ಲೆಕ್ಕದಲ್ಲಿ ಸುಮಾರು 52 ಕೋಟಿ ರೂಪಾಯಿ. ಇಟಲಿಯ ಕಲಾವಿದ ಮೌರಿಜಿಯೊ ಕಟೆಲಾನ್ ಮಾಡಿದ್ದು, ಹೆಸರು ‘ಕಾಮೀಡಿಯನ್’. ಕೊಂಡವರು ಕ್ರಿಪ್ಟೋ ಉದ್ಯಮಿ ಜಸ್ಟಿನ್ ಸನ್. ಕೆಲವೇ ದಿನಗಳಲ್ಲಿ ಎಲ್ಲರ ಎದುರು ಅದನ್ನು ಸುಲಿದು ತಿಂದೂ ಬಿಟ್ಟರು. ಆಗ ಬಂದ ರೀಲ್ಸ್ ನೀವೂ ನೋಡಿರ್ತೀರಿ. ‘ನಮ್ಮೂರ ಬಂಡಿಯವ ಇದನ್ನ ಕೇಳಿದ್ರೆ ಬಂಡಿ ಸಮೇತ ನ್ಯೂಯಾರ್ಕಿಗೆ ಹೋಗ್ತಾನ’ ಅನ್ನೋ ಥರದ ಜೋಕುಗಳು.

ನಗೋದು ಸರಿ. ಆದರೆ ಇದೇ ವಿಷಯಕ್ಕೆ ರಾಯಚೂರು ಜಿಲ್ಲೆಯ ದೇವಸುಗೂರಿನಿಂದ ನಮಗೆ ಒಂದು ವಾಯ್ಸ್ ಮೆಸೇಜ್ ಬಂದಿದೆ. ಹೆಸರು ಹೇಳೋದು ಬೇಡ ಅಂದಿದ್ದಾರೆ. ಕೇಳಿ:

“ಅಣ್ಣಾ, ನಾವು ಮೂರು ಮಂದಿ ಗೆಳೆಯರು ಪರೀಕ್ಷೆ ಬರೆಯಾಕ ಬೆಂಗಳೂರಿಗೆ ಹೋಗಿದ್ವಿ. ವಾಪಸ್ ಬರೋ ರೈಲು ರಾತ್ರಿ ಇತ್ತು. ಟೈಮ್ ಐತಲ್ಲ ಅಂತ ಒಂದು ಆರ್ಟ್ ಗ್ಯಾಲರಿಗೆ ಹೋದ್ವಿ. ಹಳೇ ಚಿತ್ರ ಎಲ್ಲ ಚಲೋ ಇದ್ವು. ಮುಂದ ಹೋದಂಗ ಹೋದಂಗ ಏನೂ ತಿಳಿವಲ್ದು. ಒಂದು ಚಿತ್ರದಾಗ ಬರೀ ಬಣ್ಣ. ಹೆಸರಿನ ಚೀಟಿ ನೋಡಿದ್ರ ‘ಶೀರ್ಷಿಕೆ ಇಲ್ಲ’ ಅಂತ ಐತಿ. ನಮ್ ತಮ್ಮನೂ ಹಿಂಗ ಗೀಚ್ತಾನ ಅಂದ ನಮ್ಮ ಗೆಳೆಯ. ಬಾಜೂಕ ಒಬ್ಬಾಕಿ ಹತ್ತು ನಿಮಿಷ ಅದನ್ನ ನೋಡಕೋತ ನಿಂತಿದ್ಲು. ನಮ್ದು ಎರಡು ನಿಮಿಷದಾಗ ಮುಗೀತು. ಹೊರಗ ಬಂದು ನಕ್ಕಿವಿ ಖರೆ. ಆದ್ರ ಒಳಗ ಒಂದು ಥರಾ ನಾಚಿಕಿ ಆತು. ಇದು ನಮ್ಮಂಥವರಿಗೆ ಅಲ್ಲೇನು?”

ಇದರಲ್ಲಿ ಎರಡು ಪ್ರಶ್ನೆ ಇದೆ. ಮೊದಲನೆಯದು: ‘ಇದು ಯಾಕೆ ಅರ್ಥ ಆಗಲ್ಲ?’ ಎರಡನೆಯದು: ‘ಇದು ನಮ್ಮಂಥವರಿಗೆ ಅಲ್ವಾ?’ ಮೊದಲನೇ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದು ಹಾಗಲ್ಲ. ಒಮ್ಮೆ ನಾಚಿಕೆಯಾಗಿ ಹೊರಗೆ ಬಂದವರು ಇನ್ನೊಂದು ಸಲ ಆ ಬಾಗಿಲಿಗೆ ಹೋಗೋದೇ ಇಲ್ಲ. ಹಾಗಾಗಿ ಎರಡನ್ನೂ ನಿಧಾನವಾಗಿ ನೋಡೋಣ.

ನಮ್ಮ ಕಣ್ಣಿಗೆ ಟ್ರೈನಿಂಗ್ ಕೊಟ್ಟಿದ್ದು ಯಾರು?

ಮನೆಯ ದೇವರ ಕೋಣೆ ನೆನಪು ಮಾಡಿಕೊಳ್ಳಿ. ಕಮಲದ ಮೇಲೆ ನಿಂತ ಲಕ್ಷ್ಮಿ, ಕೆಂಪು ಸೀರೆ, ಹಿಂದೆ ಆನೆ. ವೀಣೆ ಹಿಡಿದ ಸರಸ್ವತಿ. ಈ ರೂಪಗಳು ನಮಗೆ ಎಷ್ಟು ಪರಿಚಯ ಅಂದರೆ ದೇವರು ಹಾಗೇ ಇರೋದು ಅಂತ ಅಂದುಕೊಂಡಿದ್ದೀವಿ. ಆದರೆ ಇವು ಮನೆಮನೆಗೆ ಬಂದಿದ್ದಕ್ಕೆ ಒಂದು ಕಾರಣ ಇದೆ. ರಾಜಾ ರವಿವರ್ಮ 1894ರಲ್ಲಿ ಮುಂಬೈನಲ್ಲಿ ಮುದ್ರಣಾಲಯ ಶುರು ಮಾಡಿದರು. ಅರಮನೆಯ ಗೋಡೆ ಮೇಲೆ ಮಾತ್ರ ಇರುತ್ತಿದ್ದಂಥ ಎಣ್ಣೆಬಣ್ಣದ ಚಿತ್ರಗಳು ಅಗ್ಗದ ಪ್ರಿಂಟ್ ಆಗಿ ಸಾಮಾನ್ಯರ ಮನೆಗೆ ಬಂದವು.

ನಮ್ಮ ಭಾಗದವರೇ ಆದ ಕಲಬುರಗಿಯ ಎಸ್.ಎಂ. ಪಂಡಿತ್ ಕೂಡ ಇದೇ ದಾರಿಯ ದೊಡ್ಡ ಹೆಸರು. 1916ರಲ್ಲಿ ಹುಟ್ಟಿದ ಅವರು ಮುಂಬೈಗೆ ಹೋಗಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್‌ಗಳಿಗೆ ಚಿತ್ರ ಬರೆದರು. ಪುರಾಣದ ಪಾತ್ರಗಳು ಅವರ ಕೈಯಲ್ಲಿ ಸಿನಿಮಾ ಹೀರೋಗಳ ಹಾಗೆ ಕಾಣ್ತವೆ. ಮೈಯ ಹೊಳಪು, ಒಡವೆಯ ಮಿಂಚು, ಬಟ್ಟೆಯ ಮಡಿಕೆ ಎಲ್ಲ ಮುಟ್ಟಬೇಕು ಅನ್ನಿಸೋ ಹಾಗೆ.

ಹೀಗೆ ಕ್ಯಾಲೆಂಡರ್, ಪೋಸ್ಟರ್, ಪಠ್ಯಪುಸ್ತಕ ನೋಡಿ ಬೆಳೆದ ಕಣ್ಣಿಗೆ ‘ಒಳ್ಳೆ ಚಿತ್ರ’ ಅಂದರೆ ಒಂದೇ ಅಳತೆ: ಎಷ್ಟು ನಿಜದ ಹಾಗಿದೆ? ದೇವಸುಗೂರಿನವರಿಗೆ ಹೈದರಾಬಾದ್ ಬೆಂಗಳೂರಿಗಿಂತ ಹತ್ತಿರ. ಸೇತುವೆ ದಾಟಿದರೆ ಆಚೆ ತೆಲಂಗಾಣ. ಅಲ್ಲಿನ ಸಾಲಾರ್‌ಜಂಗ್ ಮ್ಯೂಸಿಯಂಗೆ ಶಾಲೆ ಟೂರಲ್ಲಿ ಹೋದವರು ಬಹಳ ಜನ ಇದ್ದೀರಿ. ಅಲ್ಲಿ ‘ವೇಲ್ಡ್ ರೆಬೆಕಾ’ ಅನ್ನೋ ಅಮೃತಶಿಲೆಯ ಮೂರ್ತಿ ಇದೆ. 1876ರದ್ದು, ಇಟಲಿಯ ಬೆನ್ಜೋನಿ ಕೆತ್ತಿದ್ದು. ಮುಖದ ಮೇಲೆ ತೆಳು ಪರದೆ, ಪರದೆಯೊಳಗೆ ಮುಖ ಕಾಣುತ್ತೆ. ಆದರೆ ಎರಡೂ ಕಲ್ಲು! ಅದರ ಮುಂದೆ ಯಾವತ್ತೂ ಗುಂಪು ಇರುತ್ತೆ. ‘ಇದರ ಅರ್ಥ ಏನು’ ಅಂತ ಯಾರೂ ಕೇಳಲ್ಲ. ಯಾಕಂದರೆ ಅಲ್ಲಿ ಕೈಚಳಕ ಕಣ್ಣಿಗೆ ನೇರವಾಗಿ ಕಾಣುತ್ತೆ. ‘ನನ್ನ ಕೈಲಿ ಆಗಲ್ಲ’ ಅನ್ನೋದು ಆ ಕ್ಷಣವೇ ಗೊತ್ತಾಗುತ್ತೆ.

ಮಾಡರ್ನ್ ಆರ್ಟ್ ಮುಂದೆ ನಿಂತಾಗ ಈ ಅಳತೆಪಟ್ಟಿ ಕೆಲಸ ಮಾಡಲ್ಲ. ಜೋಳ ತೂಗೋ ತಕ್ಕಡಿಯಲ್ಲಿ ಜ್ವರ ನೋಡೋಕಾಗುತ್ತಾ? ಅಳತೆ ತಪ್ಪಿದೆ ಅಷ್ಟೆ. ನೋಡುವವರ ಬುದ್ಧಿಯಲ್ಲಿ ಏನೂ ಕೊರತೆ ಇಲ್ಲ.

ಕ್ಯಾಮೆರಾ ಬಂತು, ಕೆಲಸ ಬದಲಾಯ್ತು

ಹಾಗಾದರೆ ಕಲಾವಿದರು ನಿಜದ ಹಾಗೆ ಬರೆಯೋದನ್ನು ಯಾಕೆ ಬಿಟ್ಟರು? ಬರೋದಿಲ್ಲ ಅಂತಾನಾ? ಅಲ್ಲ. ಇದರ ಹಿಂದಿನ ಒಂದು ದೊಡ್ಡ ಕಾರಣ ಈಗ ನಿಮ್ಮ ಕೈಯಲ್ಲೇ ಇದೆ: ಕ್ಯಾಮೆರಾ.

1839ರಲ್ಲಿ ಫ್ರಾನ್ಸ್‌ನಲ್ಲಿ ಫೋಟೋ ತೆಗೆಯುವ ವಿಧಾನವನ್ನು ಜಗತ್ತಿಗೆ ತೋರಿಸಿದರು. ಅಲ್ಲೀತನಕ ನಿಮ್ಮ ಮುಖ ಮುಂದಿನ ಪೀಳಿಗೆಗೆ ಉಳೀಬೇಕು ಅಂದರೆ ಚಿತ್ರಕಾರನೇ ಬೇಕಿತ್ತು. ಕ್ಯಾಮೆರಾ ಬಂದ ಮೇಲೆ ಆ ಕೆಲಸವನ್ನು ಮಷೀನು ಮಾಡೋಕೆ ಶುರು ಮಾಡಿತು. ಆಗ ಚಿತ್ರಕಾರರು ಕೇಳಿಕೊಂಡ ಪ್ರಶ್ನೆ: ಕ್ಯಾಮೆರಾ ಮಾಡಲಾಗದ್ದು ಏನು?

ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ಕ್ಲಾಡ್ ಮೋನೆ ಥರದವರು, ವಸ್ತುವನ್ನಲ್ಲ, ಅದರ ಮೇಲೆ ಬಿದ್ದ ಬೆಳಕನ್ನು ಬರೀತೀವಿ ಅಂದರು. 1874ರಲ್ಲಿ ಪ್ಯಾರಿಸ್‌ನಲ್ಲಿ ಅವರ ಪ್ರದರ್ಶನ ನೋಡಿದ ಒಬ್ಬ ವಿಮರ್ಶಕ ‘ಇಂಪ್ರೆಷನಿಸ್ಟ್’ ಅಂತ ಗೇಲಿ ಮಾಡಿ ಬರೆದ. ಆ ಗೇಲಿಯೇ ಕೊನೆಗೆ ಅವರ ಹೆಸರಾಯ್ತು. ಅಂದರೆ ‘ಇದೇನ್ ಚಿತ್ರಾನಾ?’ ಅಂತ ಮೊದಲು ಕೇಳಿದ್ದು ನೀವಲ್ಲ. 150 ವರ್ಷದ ಹಿಂದೆ ಪ್ಯಾರಿಸ್‌ನವರೂ ಅದನ್ನೇ ಕೇಳಿದ್ದರು.

ಆಮೇಲೆ ಪಿಕಾಸೊ ಬಂದರು. ಒಂದು ಮುಖವನ್ನು ಮುಂದಿನಿಂದ, ಪಕ್ಕದಿಂದ ಒಟ್ಟಿಗೆ ನೋಡಿದರೆ ಹೇಗಿರುತ್ತೆ ಅಂತ ಬರೆದರು. ಇದು ವಿಚಿತ್ರ ಅನ್ನಿಸಿದರೆ ನಿಮ್ಮ ಫೋನಿನಲ್ಲಿ ಪನೋರಮಾ ಆನ್ ಮಾಡಿ, ಓಡಾಡ್ತಾ ಇರೋ ಗೆಳೆಯನ ಫೋಟೋ ತೆಗೀರಿ. ಮೂರು ಕೈ, ಎರಡು ಮೂಗು ಬರುತ್ತೆ. ಒಂದೇ ಫೋಟೋದಲ್ಲಿ ಹಲವು ಕ್ಷಣ ಸೇರಿಕೊಂಡಿದ್ದರಿಂದ ಹಾಗಾಯ್ತು. ಫೋನು ಅಕಸ್ಮಾತ್ ಮಾಡಿದ್ದನ್ನು ಪಿಕಾಸೊ ಬೇಕಂತಲೇ ಮಾಡಿದರು.

ಇನ್ನೂ ಮುಂದೆ ಹೋದವರು, ವಸ್ತುವೇ ಬೇಡ, ಬಣ್ಣ ಮತ್ತು ಆಕಾರ ಸಾಕು ಅಂದರು. ಇದೇ ಅಮೂರ್ತ ಚಿತ್ರ. ನಮ್ಮ ದೇಶದಲ್ಲಿ ಈ ದಾರಿಯ ದೊಡ್ಡ ಹೆಸರು ವಿ.ಎಸ್. ಗಾಯ್ತೊಂಡೆ. 1924ರಲ್ಲಿ ನಾಗಪುರದಲ್ಲಿ ಹುಟ್ಟಿದವರು. ಬ್ರಷ್ ಬದಲು ರೋಲರ್, ಚಪ್ಪಟೆ ಚಾಕು ಹಿಡಿದು ಬಣ್ಣದ ಮೇಲೆ ಬಣ್ಣ ಎಳೆದು, ಕೆರೆದು, ಪದರ ಪದರವಾಗಿ ಕೆಲಸ ಮಾಡ್ತಿದ್ದರು. ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರ ಮಾತ್ರ. ಅವರ ಬಹಳ ಚಿತ್ರಗಳಿಗೆ ಹೆಸರೇ ಇಲ್ಲ. ‘ಶೀರ್ಷಿಕೆ ಇಲ್ಲ’ ಅನ್ನೋದು ಸೋಮಾರಿತನ ಅಲ್ಲ. ‘ಮುಂಜಾವು’ ಅಂತ ಹೆಸರಿಟ್ಟರೆ ನೀವು ಮುಂಜಾವು ಎಲ್ಲಿದೆ ಅಂತ ಹುಡುಕಿ, ಸಿಕ್ಕ ತಕ್ಷಣ ಮುಂದೆ ಹೋಗ್ತೀರಿ. ಹೆಸರಿಲ್ಲದಿದ್ದರೆ ನೋಡುತ್ತಾ ನಿಲ್ಲಲೇಬೇಕು.

ಅಮ್ಮನ ಸೆರಗಿನಲ್ಲಿ ಅಮೂರ್ತ ಕಲೆ

‘ಇದೆಲ್ಲ ಪ್ಯಾರಿಸ್, ಮುಂಬೈ ಕಥೆ ಆಯ್ತು, ನಮಗೂ ಇದಕ್ಕೂ ಏನು ಸಂಬಂಧ’ ಅಂತೀರಾ? ಮನೆಯಲ್ಲಿ ಇಳಕಲ್ ಸೀರೆ ಇದ್ದರೆ ಸೆರಗು ಬಿಚ್ಚಿ ನೋಡಿ. ಕೆಂಪು ನೆಲದ ಮೇಲೆ ಬಿಳಿ ಆಕಾರಗಳು. ನೇಕಾರರು ಇದನ್ನು ಟೋಪ್ ತೆನಿ ಸೆರಗು ಅಂತಾರೆ. ತೆನಿ ಅಂದರೆ ಜೋಳದ ತೆನೆ. ಹಣಿಗಿ ಅಂತ ಇನ್ನೊಂದು ವಿನ್ಯಾಸ, ಅಂದರೆ ಬಾಚಣಿಗೆ. ಕೋಟೆಯ ಗೋಡೆಯ ಹೆಸರಲ್ಲೂ ಒಂದು ಇದೆ. ಅದರಲ್ಲಿ ಜೋಳದ ಕಾಳು ಎಣಿಸೋಕಾಗುತ್ತಾ? ಇಲ್ಲ. ತೆನೆಯಲ್ಲಿ ಬೇಡದ್ದನ್ನೆಲ್ಲ ಬಿಟ್ಟು, ಅದರ ಲಯ ಮಾತ್ರ ಉಳಿಸಿಕೊಂಡಿದ್ದಾರೆ. ಅಮೂರ್ತ ಕಲೆ ಮಾಡೋದೂ ಅದನ್ನೇ. ಅಮ್ಮ ಆ ಸೀರೆ ಉಟ್ಟು ಮದುವೆಗೆ ಹೊರಟಾಗ ‘ಈ ಸೆರಗಿನ ಅರ್ಥ ಏನಮ್ಮಾ’ ಅಂತ ನಾವು ಯಾವತ್ತಾದರೂ ಕೇಳಿದ್ದೀವಾ? ಚಂದ ಐತಿ ಅಂತೀವಿ. ಅಷ್ಟು ಸಾಕು ಅಂತ ನಮಗೆ ಗೊತ್ತು.

ಬಾಗಿಲ ಮುಂದಿನ ರಂಗೋಲಿನೂ ಅಷ್ಟೆ. ಚುಕ್ಕಿ ಇಟ್ಟು ಗೆರೆ ಸುತ್ತಿಸೋ ರಂಗೋಲಿ ಯಾವ ವಸ್ತುವಿನ ಚಿತ್ರವೂ ಅಲ್ಲ. ಆದರೂ ಗೆರೆ ತಪ್ಪಿದರೆ ಪಕ್ಕದ ಮನೆಯವರಿಗೂ ಗೊತ್ತಾಗುತ್ತೆ.

ರಾಯಚೂರಿಗೆ ಬರೋಣ. ಕೋಟೆಯ ಪಶ್ಚಿಮದ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಬಂಡೆ ಇದೆ. ಅದರ ಮೇಲೆ 1294ರ ಶಾಸನ. ನಮ್ಮವರೇ ಬಹಳ ಜನ ಗಮನಿಸದೆ ಹೋಗೋ ಸಂಗತಿ ಬೇರೆ: ಅಷ್ಟು ದೊಡ್ಡ ಬಂಡೆಯನ್ನು ಬಂಡಿಯ ಮೇಲೆ ಹೇರಿ, ಕೋಣಗಳ ಉದ್ದ ಸಾಲು ಕಟ್ಟಿ ಎಳೆದು ತಂದದ್ದನ್ನು ಅಲ್ಲೇ ಗೋಡೆಯ ಮೇಲೆ ಬರೀ ಗೆರೆಗಳಲ್ಲಿ ಕೊರೆದು ತೋರಿಸಿದ್ದಾರೆ. ಅದು ಫೋಟೋದ ಹಾಗಿಲ್ಲ. ನೆರಳಿಲ್ಲ, ಬಣ್ಣ ಇಲ್ಲ. ಆದರೆ ಭಾರ ಎಷ್ಟಿತ್ತು, ಎಷ್ಟು ದಣಿವಾಗಿರಬೇಕು ಅನ್ನೋದು ಆ ಸಾಲು ನೋಡಿದರೆ ತಿಳಿಯುತ್ತೆ. ಇನ್ನೂ ಹಿಂದೆ ಹೋಗಬೇಕಾ? ಲಿಂಗಸುಗೂರು ತಾಲ್ಲೂಕಿನ ಮುದಗಲ್ ಹತ್ತಿರದ ಪಿಕ್ಲಿಹಾಳದ ಬಂಡೆಗಳ ಮೇಲೆ ಬಹಳ ಹಿಂದಿನ ಜನ ಬರೆದ, ಕುಟ್ಟಿ ಮೂಡಿಸಿದ ದನಗಳ ಚಿತ್ರಗಳಿವೆ. ಪುರಾತತ್ವ ತಜ್ಞ ಆಲ್ಚಿನ್ 1950ರ ದಶಕದಲ್ಲಿ ಅಲ್ಲಿ ಉತ್ಖನನ ಮಾಡಿದ್ದರು. ಉದ್ದ ಕೊಂಬು, ಎತ್ತರದ ಭುಜ, ನಾಲ್ಕು ಗೆರೆಯ ಕಾಲು. ಅಷ್ಟರಲ್ಲೇ ಎತ್ತು ಅಂತ ಗೊತ್ತಾಗುತ್ತೆ.

ಅಂದರೆ ಗೆರೆಯಲ್ಲಿ, ಆಕಾರದಲ್ಲಿ ಯೋಚನೆ ಮಾಡೋದು ನಮಗೆ ಹೊಸದಲ್ಲ. ಕ್ಯಾಲೆಂಡರ್ ಅದನ್ನು ನೂರು ವರ್ಷ ಮರೆಸಿತ್ತು, ಅಷ್ಟೆ.

ಕಟ್ಟಿಂಗೇರಿಯ ಗೆರೆ, ಭದ್ರಾವತಿಯ ಸಗಣಿ

ಈಗ ಕರ್ನಾಟಕದ ಇಬ್ಬರು ಕಲಾವಿದರನ್ನು ಪರಿಚಯ ಮಾಡಿಕೊಡ್ತೀನಿ. ಒಬ್ಬರು ಕೆ.ಕೆ. ಹೆಬ್ಬಾರ್. ಪೂರ್ತಿ ಹೆಸರು ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿದರು. ಮುಂಬೈನ ಜೆ.ಜೆ. ಸ್ಕೂಲ್‌ನಲ್ಲಿ ಓದಿ, ಆಮೇಲೆ ಪ್ಯಾರಿಸ್‌ಗೂ ಹೋಗಿ ಬಂದರು. ಇದ್ದದ್ದು ಇದ್ದ ಹಾಗೆ ಬರೆಯೋದು ಅವರಿಗೆ ಚೆನ್ನಾಗಿ ಬರುತ್ತಿತ್ತು. ಆದರೆ ಒಬ್ಬ ನೃತ್ಯಗಾರ್ತಿಯ ಚಿತ್ರವನ್ನು ಅದೇ ರೀತಿ ಬರೆದರೆ ಏನಾಗುತ್ತೆ? ಆಕೆ ನಿಂತುಬಿಡ್ತಾಳೆ. ನೃತ್ಯ ನಿಂತುಹೋಗುತ್ತೆ. ಅದಕ್ಕೆ ಅವರು ನೃತ್ಯವನ್ನು ಒಳಗಿಂದ ತಿಳಿಯೋಕೆ ಸ್ವತಃ ಕಥಕ್ ಕಲಿತರು. ಆಮೇಲೆ ಬರೆದ ಅವರ ರೇಖಾಚಿತ್ರಗಳಲ್ಲಿ ಮೂಗು, ಕಣ್ಣು, ಒಡವೆ ಹುಡುಕಿದರೆ ಸಿಗಲ್ಲ. ಕೆಲವೇ ಗೆರೆ, ಆದರೆ ತಿರುಗುತ್ತಾ ಇದೆ ಅನ್ನಿಸುತ್ತೆ. ‘ಹಾಡುವ ಗೆರೆ’ ಅನ್ನೋ ಅರ್ಥದ ಇಂಗ್ಲಿಷ್ ಹೆಸರಿನಲ್ಲಿ ಅವರ ರೇಖಾಚಿತ್ರಗಳ ಪುಸ್ತಕವೇ ಇದೆ.

ಅಂದರೆ ಅವರು ಏನನ್ನು ಬಿಟ್ಟರು ಅನ್ನೋದು ಮುಖ್ಯ. ಮುಖ ಬಿಟ್ಟರು, ಚಲನೆ ಇಟ್ಟುಕೊಂಡರು. ಗ್ಯಾಲರಿಯಲ್ಲಿ ‘ಏನೂ ಇಲ್ವಲ್ಲ’ ಅನ್ನಿಸಿದಾಗ ಈ ಪ್ರಶ್ನೆ ಕೇಳಿ: ಇವರು ಏನನ್ನು ಬಿಟ್ಟಿದ್ದಾರೆ? ಅದನ್ನು ಬಿಟ್ಟು ಏನನ್ನು ಉಳಿಸಿಕೊಂಡಿದ್ದಾರೆ?

ಇನ್ನೊಬ್ಬರು ಶೀಲಾ ಗೌಡ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್.ಎಂ. ಹಡಪದ ಅವರ ಹತ್ತಿರ ಕಲಿತು, ಮುಂದೆ ಬರೋಡಾ, ಶಾಂತಿನಿಕೇತನ, ಲಂಡನ್‌ನಲ್ಲಿ ಓದಿದರು. ಮೊದಲು ಕ್ಯಾನ್ವಾಸ್ ಮೇಲೆ ಚಿತ್ರ ಬರೀತಿದ್ದರು. 1992ರ ಕೊನೆಗೆ ದೇಶದಲ್ಲಿ ಕೋಮುಗಲಭೆ ನಡೆದ ನಂತರ ಅವರು ಬಣ್ಣ ಬಿಟ್ಟು ಸಗಣಿ ಹಿಡಿದರು. ಹೌದು, ಆಕಳ ಸಗಣಿ.

ಇಲ್ಲಿ ಒಂದು ಕ್ಷಣ ನಿಲ್ಲಿ. ಸಗಣಿ ಅಂದರೆ ಲಂಡನ್‌ನ ನೋಡುಗರಿಗೆ ಏನು ಗೊತ್ತು? ಚೀಟಿ ಓದಿ ತಿಳೀಬೇಕು. ನಿಮಗೆ? ಅಂಗಳ ಸಾರಿಸೋದು ಗೊತ್ತು. ಕುಳ್ಳು ತಟ್ಟೋದು, ಗೋಡೆಗೆ ಬಡಿದಾಗ ಬೆರಳಿನ ಗುರುತು ಉಳಿಯೋದು ಗೊತ್ತು. ಅದು ಪೂಜೆಗೂ ಬೇಕು, ಒಲೆಗೂ ಬೇಕು, ಆದರೆ ಅದನ್ನು ಬಾಚೋರು ಯಾರು, ಅವರ ಕೂಲಿ ಎಷ್ಟು ಅನ್ನೋದೂ ಗೊತ್ತು. ಪವಿತ್ರ ಅಂತ ಹೇಳೋ ವಸ್ತುವಿನ ಹೆಸರಲ್ಲಿ ಜಗಳ ಆಗೋದೂ ಗೊತ್ತು. ಈ ಎಲ್ಲ ಗೊತ್ತಿರೋದೇ ಆ ಕಲಾಕೃತಿಯ ಅರ್ಥ. ಚೀಟಿ ಓದದೇ ನಿಮಗೆ ಅರ್ಧ ತಿಳಿದಾಯ್ತು.

1998ರಲ್ಲಿ ಅವರು ಶುರು ಮಾಡಿದ ಇನ್ನೊಂದು ಕೃತಿ. ಹೆಸರನ್ನು ಕನ್ನಡದಲ್ಲಿ ಹೇಳಿದರೆ ‘ಅವನಿಗೆ ನನ್ನ ನೋವು ಹೇಳು’ ಅಂತ ಆಗುತ್ತೆ. ತುಂಬ ಉದ್ದದ ದಾರಗಳನ್ನು ಒಂದೊಂದಾಗಿ ಸೂಜಿಯ ಕಣ್ಣಲ್ಲಿ ಪೋಣಿಸಿ ಎಳೆದು, ಎಲ್ಲವನ್ನೂ ಸೇರಿಸಿ ಕುಂಕುಮ ಮತ್ತು ಅಂಟು ಸವರಿ ಹಗ್ಗ ಮಾಡಿದ್ದಾರೆ. ಕೆಂಪು ಹಗ್ಗ ಗೋಡೆ, ನೆಲದ ಮೇಲೆಲ್ಲ ಹರಿದಾಡುತ್ತೆ. ತುದಿಯಲ್ಲಿ ಸೂಜಿಗಳ ಗೊಂಚಲು ತೂಗುತ್ತೆ. ದೂರದಿಂದ ನೋಡಿದರೆ ಚಂದದ ಗೆರೆ. ಹತ್ತಿರ ಹೋದರೆ ಕರುಳಿನ ಹಾಗೆ, ರಕ್ತನಾಳದ ಹಾಗೆ. ಮನೆಯಲ್ಲಿ ರಾತ್ರಿ ಹೊಲಿಗೆ ಹಾಕೋ ಅಮ್ಮ, ಅಕ್ಕ, ಚಿಕ್ಕಮ್ಮನನ್ನು ನೋಡಿರುವವರಿಗೆ ಆ ದಾರ ಎಷ್ಟು ಸಲ ಸೂಜಿ ದಾಟಿರಬಹುದು, ಬೆರಳು ಎಷ್ಟು ನೊಂದಿರಬಹುದು ಅಂತ ಹೇಳಿಕೊಡಬೇಕಾ?

ಮೂರನೇ ಉದಾಹರಣೆ ದೇವಸುಗೂರಿನವರಿಗೇ ಇರೋದು. 1985ರಲ್ಲಿ ಮೊದಲ ಘಟಕ ಶುರುವಾದ ಶಕ್ತಿನಗರದ ಥರ್ಮಲ್ ಪ್ಲಾಂಟ್, ಅದರ ಚಿಮಣಿಗಳು, ಬೂದಿ ಹೊತ್ತ ಲಾರಿಗಳು ನಿಮಗೆ ದಿನಾ ಕಾಣೋ ದೃಶ್ಯ. ಲಾರಿಯ ಮುಂದೆ ದೃಷ್ಟಿ ಆಗಬಾರದು ಅಂತ ಕಪ್ಪು ಹಗ್ಗ ಕಟ್ಟಿರ್ತಾರೆ. ಕೆಲವು ಕಡೆ ಅದು ಮನುಷ್ಯರ ಕೂದಲಿನದ್ದು. ಶೀಲಾ ಗೌಡ ಇದನ್ನು ಬೆಂಗಳೂರಿನ ರಸ್ತೆಗಳಲ್ಲಿ ನೋಡಿ, ಕೂದಲಿನಿಂದ ಹೊಸೆದ ಸಾವಿರಾರು ಮೀಟರ್ ಹಗ್ಗ ಮತ್ತು ಕಾರಿನ ಉಕ್ಕಿನ ಬಂಪರ್‌ಗಳನ್ನು ಸೇರಿಸಿ ಒಂದು ಕೃತಿ ಮಾಡಿದರು. ಹೆಸರು ‘ಬಿಹೋಲ್ಡ್’. 2009ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆಯಲ್ಲಿ ಅದನ್ನು ತೋರಿಸಿದರು. ಈಗ ಅದು ಲಂಡನ್‌ನ ಟೇಟ್ ಸಂಗ್ರಹದಲ್ಲಿದೆ. ಭಾರದ ಉಕ್ಕನ್ನು ಕೂದಲು ಎತ್ತಿ ಹಿಡಿದಿರುತ್ತೆ. ಯಾರೋ ದೇವರಿಗೆ ಮುಡಿ ಕೊಟ್ಟ ಕೂದಲು, ಯಾರದೋ ಗಾಡಿಯನ್ನು ಅಪಘಾತದಿಂದ ಕಾಯಬೇಕು. ಭಯ ಎಷ್ಟಿದೆ, ನಂಬಿಕೆ ಎಷ್ಟಿದೆ, ಬಡವರ ಮೈಯಿಂದ ಬಂದದ್ದು ಎಷ್ಟಿದೆ? ಹೈವೇ ಪಕ್ಕ ಬೆಳೆದವರು ಇದನ್ನು ನೋಡಿ ಯೋಚಿಸೋದಕ್ಕೂ ಲಂಡನ್‌ನವರು ಯೋಚಿಸೋದಕ್ಕೂ ವ್ಯತ್ಯಾಸ ಇರುತ್ತೆ. ಈ ವಿಷಯದಲ್ಲಿ ನೀವೇ ಒಂದು ಹೆಜ್ಜೆ ಮುಂದೆ.

ಆ ವಾಯ್ಸ್ ಮೆಸೇಜ್‌ನ ಎರಡನೇ ಪ್ರಶ್ನೆಗೆ ನನ್ನ ಉತ್ತರ ಇದು. ‘ನಮ್ಮಂಥವರಿಗೆ ಅಲ್ವಾ’ ಅಂತ ಕೇಳಿದ್ದೀರಿ. ಆ ಕೃತಿಗಳು ಮಾಡಿರೋದೇ ನಿಮ್ಮಂಥವರ ಬದುಕಿನ ಸಾಮಾನುಗಳಿಂದ. ಒಳಗೆ ಹೋದಾಗ ನಾವು ಮಾಡೋ ಕೆಲಸ ಏನಂದರೆ, ನಮಗೆ ಗೊತ್ತಿರೋದನ್ನೆಲ್ಲ ಚಪ್ಪಲಿ ಥರ ಬಾಗಿಲಲ್ಲೇ ಬಿಟ್ಟು, ‘ಇಲ್ಲಿ ಬೇರೆ ಏನೋ ಗೊತ್ತಿರಬೇಕು’ ಅಂತ ಹೆದರಿಕೊಂಡು ಹೋಗೋದು. ಅದನ್ನು ಒಳಗೆ ತೊಗೊಂಡು ಹೋಗಿ.

ಹಾಗಾದರೆ ಆ ಬಾಳೆಹಣ್ಣು?

‘ಎಲ್ಲ ಸರಿ, ಬಾಳೆಹಣ್ಣಿಗೂ ಅರ್ಥ ಇದೆ ಅಂತ ಹೇಳ್ತೀರಾ?’ ಕೇಳಲೇಬೇಕಾದ ಪ್ರಶ್ನೆ.

ಮೊದಲು, 52 ಕೋಟಿಗೆ ಮಾರಾಟ ಆಗಿದ್ದು ಹಣ್ಣಲ್ಲ. ಒಂದು ಪ್ರಮಾಣಪತ್ರ, ಮತ್ತು ಹಣ್ಣನ್ನು ಎಷ್ಟು ಎತ್ತರದಲ್ಲಿ, ಹೇಗೆ ಅಂಟಿಸಬೇಕು ಅನ್ನೋ ಸೂಚನೆ. ಹಣ್ಣು ಕೊಳೆತರೆ ಹೊಸದು ತರಬಹುದು. 2019ರಲ್ಲಿ ಮಯಾಮಿಯಲ್ಲಿ ಮೊದಲು ತೋರಿಸಿದಾಗಲೂ ಇನ್ನೊಬ್ಬ ಕಲಾವಿದ ಅದನ್ನು ತಿಂದುಬಿಟ್ಟಿದ್ದ. ಕೃತಿಗೆ ಏನೂ ಆಗಲಿಲ್ಲ, ಯಾಕಂದರೆ ಕೃತಿ ಆ ಯೋಚನೆ. ಈ ದಾರಿ ಹಳೆಯದು. 1917ರಲ್ಲೇ ಮಾರ್ಸೆಲ್ ಡುಶಾಂಪ್ ಅಂಗಡಿಯಲ್ಲಿ ಸಿಗೋ ಒಂದು ಮೂತ್ರದ ಬೇಸಿನ್ ಅನ್ನು ‘ಫೌಂಟನ್’ ಅಂತ ಹೆಸರಿಟ್ಟು ನ್ಯೂಯಾರ್ಕ್‌ನ ಪ್ರದರ್ಶನಕ್ಕೆ ಕಳಿಸಿದ್ದರು. ಕಲೆ ಅಂತ ಯಾವುದನ್ನು ಕರೀತೀವಿ, ಯಾರು ತೀರ್ಮಾನ ಮಾಡ್ತಾರೆ ಅನ್ನೋದು ಅವರ ಪ್ರಶ್ನೆ. ಕಟೆಲಾನ್ ಅದಕ್ಕೆ ಇನ್ನೊಂದು ಪ್ರಶ್ನೆ ಸೇರಿಸಿದರು: ಇದಕ್ಕೆ ಯಾಕೆ ಇಷ್ಟು ದುಡ್ಡು ಕೊಡ್ತೀರಿ? ಹೆಸರೇ ‘ಕಾಮೀಡಿಯನ್’. ನೀವು ರೀಲ್ಸ್ ನೋಡಿ ನಕ್ಕಿದ್ದು ತಪ್ಪಲ್ಲ, ಜೋಕ್ ಸರಿಯಾದ ಜಾಗಕ್ಕೇ ತಲುಪಿದೆ.

ಆದರೆ ಒಂದು ಮಾತು. ಜೋಕ್ ಒಂದು ಸಲ ನಗಿಸುತ್ತೆ. ಆ ಕೂದಲಿನ ಹಗ್ಗ ಮನೆಗೆ ಬಂದ ಮೇಲೂ ನೆನಪಾಗ್ತಾ ಇರುತ್ತೆ. ಎರಡೂ ಒಂದೇ ಮಟ್ಟದ್ದು ಅಂತ ಒಪ್ಪಬೇಕಾಗಿಲ್ಲ. ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ ಅಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದಲ್ಲ. ನನಗೆ ಇಷ್ಟ ಆಗಲಿಲ್ಲ ಅಂತ ಹೇಳೋ ಹಕ್ಕು ನಿಮಗಿದೆ. ನೋಡಿ ಹೇಳಿ, ಅಷ್ಟೆ.

ಬೆಲೆ ನೋಡಿ ತೀರ್ಮಾನ ಮಾಡೋದೂ ಬೇಡ. ಎಂ.ಎಫ್. ಹುಸೇನ್ ಅವರ ‘ಗ್ರಾಮ ಯಾತ್ರಾ’ ಅನ್ನೋ 1954ರ ಚಿತ್ರ, ನಮ್ಮ ಹಳ್ಳಿಯ ಬದುಕಿನ 13 ತುಣುಕುಗಳಿರೋದು, ನಾರ್ವೆ ದೇಶದ ಓಸ್ಲೊದ ಒಂದು ಆಸ್ಪತ್ರೆಯಲ್ಲಿ ದಶಕಗಳ ಕಾಲ ನೇತಾಡ್ತಾ ಇತ್ತು. 2025ರ ಮಾರ್ಚ್‌ನಲ್ಲಿ ಅದು 1 ಕೋಟಿ 37 ಲಕ್ಷ ಡಾಲರ್‌ಗೂ ಹೆಚ್ಚು ಬೆಲೆಗೆ ಹೋಯ್ತು. ಹಿಂದಿನ ದಿನ ಇದ್ದ ಚಿತ್ರವೇ ಮಾರನೇ ದಿನವೂ ಇತ್ತು. ಬದಲಾಗಿದ್ದು ಬೆಲೆಚೀಟಿ ಮಾತ್ರ.

ಮುಂದಿನ ಸಲ ಹೋದಾಗ

ಈಗ ಪ್ರಾಕ್ಟಿಕಲ್ ವಿಷಯ. ಬೆಂಗಳೂರಿಗೆ ಹೋದರೆ ಎಲ್ಲಿಗೆ ಹೋಗಬೇಕು?

ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. 2009ರಲ್ಲಿ ಶುರುವಾಯ್ತು. ಕೇಂದ್ರ ಸರ್ಕಾರದ್ದು, ಅಂದರೆ ನಿಮ್ಮ ತೆರಿಗೆ ದುಡ್ಡಿನದ್ದು. ಸೋಮವಾರ ರಜೆ. ಮರಗಳ ಮಧ್ಯೆ ಇರೋದರಿಂದ ಸುಮ್ಮನೆ ಕೂರೋಕೂ ಒಳ್ಳೆ ಜಾಗ. ಕಸ್ತೂರಬಾ ರಸ್ತೆಯಲ್ಲಿ ಸರ್ಕಾರಿ ಮ್ಯೂಸಿಯಂ ಪಕ್ಕ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ. ಮೈಸೂರು ಆಸ್ಥಾನದ ಕಲಾವಿದ ಕೆ. ವೆಂಕಟಪ್ಪ ಅವರ ಚಿತ್ರಗಳ ಜೊತೆಗೆ ಹೆಬ್ಬಾರ್ ಅವರ ಸಂಗ್ರಹವೂ ಅಲ್ಲಿಗೆ ಸೇರಿದ್ದು. ಅದೇ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಅನ್ನೋ ಖಾಸಗಿ ಮ್ಯೂಸಿಯಂ ಇದೆ. ಹೋಗುವ ಮೊದಲು ಆಯಾ ಜಾಗ ಆವತ್ತು ತೆರೆದಿದೆಯಾ, ಟಿಕೆಟ್ ಎಷ್ಟು ಅಂತ ಫೋನಲ್ಲಿ ನೋಡಿಕೊಳ್ಳಿ. ಜನವರಿಯಲ್ಲಿ ಹೋದರೆ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ. ಕುಮಾರಕೃಪಾ ರಸ್ತೆ ತುಂಬ ಚಿತ್ರಗಳು, ಕಲಾವಿದರು ಪಕ್ಕದಲ್ಲೇ ನಿಂತಿರ್ತಾರೆ, ನೇರವಾಗಿ ಕೇಳಬಹುದು. ಹೈದರಾಬಾದ್‌ಗೆ ಹೋದರೆ ಸಾಲಾರ್‌ಜಂಗ್‌ಗೆ ಶುಕ್ರವಾರ ರಜೆ ಅನ್ನೋದು ನೆನಪಿರಲಿ.

ಒಳಗೆ ಹೋದ ಮೇಲೆ?

ಒಂದು: ಎಲ್ಲ ನೋಡಬೇಡಿ. ಊಟದ ಮನೆಯಲ್ಲಿ ಬಡಿಸಿದ್ದನ್ನೆಲ್ಲ ತಿಂದರೆ ಯಾವುದರ ರುಚಿಯೂ ನೆನಪಿರಲ್ಲ. ಒಂದು ಸುತ್ತು ಸುಮ್ಮನೆ ನಡೆದು, ನಿಮ್ಮನ್ನು ತಡೆದು ನಿಲ್ಲಿಸಿದ ಮೂರು ಕೃತಿ ಆರಿಸಿ. ಇಷ್ಟ ಆಗಿದ್ದೇ ಇರಬೇಕಾಗಿಲ್ಲ, ಸಿಟ್ಟು ಬರಿಸಿದ್ದೂ ಇರಬಹುದು.

ಎರಡು: ಆ ಮೂರರ ಮುಂದೆ ತಲಾ ಐದು ನಿಮಿಷ. ಫೋನು ಜೇಬಿನಲ್ಲಿರಲಿ. ಮೊದಲ ನಿಮಿಷ ಬೇಜಾರಾಗುತ್ತೆ, ಪರವಾಗಿಲ್ಲ. ಎರಡನೇ ನಿಮಿಷದಲ್ಲಿ ಮೊದಲು ಕಾಣದ ಬಣ್ಣ ಕಾಣೋಕೆ ಶುರುವಾಗುತ್ತೆ. ಹತ್ತಿರ ಹೋಗಿ, ಮುಟ್ಟದೆ ನೋಡಿ. ಹಿಂದೆ ಹೋಗಿ ನೋಡಿ. ಬ್ರಷ್ಷಾ, ಚಾಕುವಾ, ಕೈಯಾ? ಬೇಗ ಬರೆದದ್ದಾ, ನಿಧಾನವಾಗಿ ಬರೆದದ್ದಾ?

ಮೂರು: ‘ಇದೇನು’ ಅಂತ ಕೇಳೋ ಮೊದಲು ‘ಇದನ್ನ ಹೆಂಗ ಮಾಡ್ಯಾರ’ ಅಂತ ಕೇಳಿ. ಆಮೇಲೆ ‘ಏನನ್ನು ಬಿಟ್ಟಿದ್ದಾರೆ’. ಆಮೇಲೆ ‘ನನಗೆ ಏನು ನೆನಪಾಯ್ತು’. ಕೊನೆಗೆ ಚೀಟಿ ಓದಿ.

ನಾಲ್ಕು: ಚೀಟಿಯಲ್ಲಿ ಹೆಸರಿಗಿಂತ ಇಸವಿ ಮತ್ತು ಸಾಮಗ್ರಿ ಮೊದಲು ನೋಡಿ. 1947 ಅಂತ ಇದ್ದರೆ ಆಗ ದೇಶದಲ್ಲಿ ಏನಾಗ್ತಿತ್ತು? ‘ದಾರ, ಕುಂಕುಮ, ಸೂಜಿ’ ಅಂತ ಇದ್ದರೆ ಅವು ನಿಮ್ಮ ಮನೆಯಲ್ಲಿ ಯಾರ ಕೈಯಲ್ಲಿ ಇರ್ತವೆ?

ಐದು: ಗೆಳೆಯರ ಜೊತೆ ಹೋಗಿ, ಜೋರಾಗಿ ಅಲ್ಲದಿದ್ದರೂ ಮಾತಾಡಿ. ‘ನಮ್ ತಮ್ಮನೂ ಹಿಂಗ ಗೀಚ್ತಾನ’ ಅಂತ ಗೆಳೆಯ ಅಂದರೆ ಒಂದು ಪ್ರಶ್ನೆ ಹಾಕಿ: ತಮ್ಮ ಎಲ್ಲಿ ನಿಲ್ಲಿಸ್ತಾನೆ? ಮಕ್ಕಳು ಹಾಳೆ ತುಂಬೋವರೆಗೂ ಗೀಚ್ತಾರೆ, ಅಥವಾ ಅಮ್ಮ ಊಟಕ್ಕೆ ಕರೆದಾಗ ಬಿಡ್ತಾರೆ. ಗಾಯ್ತೊಂಡೆ ಎಲ್ಲಿ ನಿಲ್ಲಿಸಬೇಕು ಅಂತ ತಿಂಗಳುಗಟ್ಟಲೆ ಯೋಚಿಸ್ತಿದ್ದವರು. ವ್ಯತ್ಯಾಸ ಅಲ್ಲಿದೆಯಾ ಅಂತ ಚಿತ್ರದ ಮುಂದೆ ನಿಂತು ಹುಡುಕಿ. ಸಿಗದಿದ್ದರೂ ಪರವಾಗಿಲ್ಲ, ಆ ಹೊತ್ತಿಗೆ ನೀವೂ ಹತ್ತು ನಿಮಿಷ ನಿಂತಿರ್ತೀರಿ.

ಬೆಂಗಳೂರಿಗೆ ಸದ್ಯಕ್ಕೆ ಹೋಗೋದು ಆಗಲ್ಲ ಅನ್ನೋರು ಈ ಭಾನುವಾರ ರಾಯಚೂರು ಕೋಟೆಗೆ ಹೋಗಿ. ಟಿಕೆಟ್ ಇಲ್ಲ, ಚೀಟಿನೂ ಇಲ್ಲ. ಆ ಬಂಡೆ, ಆ ಕೋಣಗಳ ಸಾಲು ಹುಡುಕಿ. ಐದು ನಿಮಿಷ ನೋಡಿ. ಆಮೇಲೆ ಬೇಕಾದರೆ ಫೋಟೋ ತೆಗೆದು, ನಿಮಗೆ ಅಲ್ಲಿ ಏನು ಕಾಣಿಸಿತು ಅಂತ ನಮಗೆ ಒಂದು ವಾಯ್ಸ್ ಮೆಸೇಜ್ ಕಳಿಸಿ. ನಿಮ್ಮ ಭಾಷೆಯಲ್ಲೇ, ನೀವು ಮಾತಾಡೋ ಹಾಗೇ ಇರಲಿ. ಒಳ್ಳೆಯವನ್ನು ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀವಿ.